ಹೀರೋ ಇಲ್ಲದ ಐದು ದಿನ: ಡೆಟ್ರಾಯಿಟ್ 1967ರ ಬಗ್ಗೆ ನಾನು ನೋಡ್ಬೇಕು ಅಂದ್ಕೊಂಡಿರೋ ಸಿನಿಮಾ

ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಊರಲ್ಲಿ ನಡೆದ ಗಲಭೆ ಮೇಲೆ ಒಂದು ಸಿನಿಮಾ ನನ್ನ ತಲೇಲಿ ವರ್ಷಗಳಿಂದ ಓಡ್ತಾ ಇದೆ. ಅದಕ್ಕೆ ಹೀರೋ ಇಲ್ಲ. ಹತ್ತೋ ಹನ್ನೆರಡೋ ಪಾತ್ರಗಳಿವೆ, ಅವರಲ್ಲಿ ಒಬ್ಬರಿಗೂ ಊರಲ್ಲಿ ಒಟ್ಟಾರೆ ಏನಾಗ್ತಿದೆ ಅಂತ ಗೊತ್ತಿಲ್ಲ, ತಮ್ಮ ಬೀದೀಲಿ ಕಾಣೋ ಹೊಗೆ ಎಷ್ಟೋ ಅಷ್ಟೇ ಗೊತ್ತು. 1967ರ ಜುಲೈ 23ರ ಭಾನುವಾರ ಬೆಳಗಿನ ಜಾವ ಶುರುವಾಗಿ ಐದು ದಿನ ನಡೆದ ಗಲಭೆ ಅದು. 43 ಜನ ಸತ್ತರು, ಅವರಲ್ಲಿ 33 ಜನ ಕಪ್ಪು ಜನಾಂಗದವರು, 10 ಜನ ಬಿಳಿಯರು. ಏಳು ಸಾವಿರಕ್ಕೂ ಹೆಚ್ಚು ಜನ ಅರೆಸ್ಟ್ ಆದ್ರು, ಎರಡು ಸಾವಿರಕ್ಕೂ ಹೆಚ್ಚು ಕಟ್ಟಡ ಲೂಟಿ ಆದವು ಇಲ್ಲಾ ಸುಟ್ಟವು. ಇಷ್ಟು ದೊಡ್ಡ ಘಟನೇನ ಒಬ್ಬ ಒಳ್ಳೆ ಮನುಷ್ಯ ಮತ್ತು ಒಬ್ಬ ಕೆಟ್ಟ ಪೊಲೀಸ್ ನಡುವಿನ ಕಥೆ ಮಾಡಿಬಿಟ್ರೆ ನೋಡೋರಿಗೆ ಸಿಟ್ಟು ಬರುತ್ತೆ, ಕಣ್ಣೀರೂ ಬರುತ್ತೆ, ಆದ್ರೆ ಯಾಕಾಯ್ತು ಅಂತ ಮಾತ್ರ ಅರ್ಥ ಆಗಲ್ಲ. ನನಗೆ ಆ "ಯಾಕೆ" ಪರದೆ ಮೇಲೆ ಕಾಣ್ಬೇಕು.

ಈ ತರದ ಸಿನಿಮಾಗಳು ಸಾಮಾನ್ಯವಾಗಿ ಮೊದಲ ಕಲ್ಲು ಬಿದ್ದ ಕ್ಷಣದಿಂದ ಶುರುವಾಗ್ತವೆ. ನನ್ನ ಸಿನಿಮಾ ಹೇಸ್ಟಿಂಗ್ಸ್ ಸ್ಟ್ರೀಟ್‌ನಿಂದ, ಅಂದ್ರೆ ಹೆಚ್ಚುಕಮ್ಮಿ ಹದಿನೈದು ವರ್ಷ ಹಿಂದಿನಿಂದ ಶುರುವಾಗ್ಬೇಕು.

ಊರಿನ ಪೂರ್ವ ಭಾಗದಲ್ಲಿ ಬ್ಲ್ಯಾಕ್ ಬಾಟಮ್, ಪ್ಯಾರಡೈಸ್ ವ್ಯಾಲಿ ಅಂತ ಒಂದಕ್ಕೊಂದು ಅಂಟಿಕೊಂಡ ಎರಡು ಏರಿಯಾ ಇದ್ವು, ಎರಡರ ನಡುವೆ ಹಾದು ಹೋಗ್ತಿದ್ದಿದ್ದು ಈ ಹೇಸ್ಟಿಂಗ್ಸ್ ಸ್ಟ್ರೀಟ್. ಕಾರ್ ಫ್ಯಾಕ್ಟರಿ ಕೆಲಸ ಹುಡುಕ್ಕೊಂಡು ಅಲಬಾಮಾ, ಜಾರ್ಜಿಯಾ, ಮಿಸಿಸಿಪ್ಪಿ ಕಡೆಯಿಂದ ಬಂದ ಕಪ್ಪು ಜನಕ್ಕೆ ಡೆಟ್ರಾಯಿಟ್‌ನಲ್ಲಿ ಬೇರೆಲ್ಲೂ ಮನೆ ಸಿಗ್ತಿರಲಿಲ್ಲ, ಹಾಗಾಗಿ ಎಲ್ಲರೂ ಇಲ್ಲೇ ಬಂದು ಸೇರ್ಕೊಂಡ್ರು. ಮನೆಗಳು ಹಳೇವು, ಮರದವು, ಕಿಕ್ಕಿರಿದವು, ನಿಜ. ಆದ್ರೆ ಬೀದೀಲಿ ಡಾಕ್ಟರ್ ಶಾಪ್, ಔಷಧಿ ಅಂಗಡಿ, ಹೋಟೆಲ್, ಕ್ಷೌರದಂಗಡಿ, ರಾತ್ರಿಯಿಡೀ ಬ್ಲೂಸ್ ಮತ್ತು ಜಾಝ್ ನುಡಿಸೋ ಕ್ಲಬ್ಬು ಎಲ್ಲಾ ಇತ್ತು, ಅವುಗಳಲ್ಲಿ ಎಷ್ಟೋ ಅವರದೇ. ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರ ತಂದೆ ಸಿ.ಎಲ್. ಫ್ರಾಂಕ್ಲಿನ್ ಪ್ರವಚನ ಮಾಡ್ತಿದ್ದ ನ್ಯೂ ಬೆತೆಲ್ ಚರ್ಚ್ ಕೂಡ ಇದೇ ಬೀದೀಲಿತ್ತು.

1950ರ ಸುಮಾರಿಗೆ ಇದನ್ನ ಕೊಳೆಗೇರಿ ಅಂತ ಕರೆದು ನಗರಪಾಲಿಕೆ ಕೆಡವೋಕೆ ಶುರು ಮಾಡ್ತು. ಬ್ಲ್ಯಾಕ್ ಬಾಟಮ್‌ನ ಒಂದು ದೊಡ್ಡ ಭಾಗ ನೆಲಸಮ ಆಗಿ ವರ್ಷಗಟ್ಟಲೆ ಬರೀ ಬಯಲಾಗಿ, ಕಳೆ ಬೆಳ್ಕೊಂಡು ಬಿದ್ದಿತ್ತು. ಆಮೇಲೆ ಅಲ್ಲಿ ಎದ್ದಿದ್ದು ಲಫಾಯೆಟ್ ಪಾರ್ಕ್ ಅನ್ನೋ ಚೆಂದದ ಅಪಾರ್ಟ್‌ಮೆಂಟ್‌ಗಳು, ಮೀಸ್ ವಾನ್ ಡರ್ ರೋಹ ಎಂಬ ಜಗತ್ಪ್ರಸಿದ್ಧ ವಾಸ್ತುಶಿಲ್ಪಿ ಡಿಸೈನ್ ಮಾಡಿದ್ದು, ಈಗ್ಲೂ ನೋಡೋಕೆ ಬರ್ತಾರೆ ಜನ. ಅದರ ಬಾಡಿಗೆ ಅಲ್ಲಿಂದ ಎಬ್ಬಿಸಿ ಕಳಿಸಿದ ಹೆಚ್ಚಿನವರ ಕೈಗೆ ಎಟುಕೋ ಹಾಗಿರಲಿಲ್ಲ. 1959ರ ಹೊತ್ತಿಗೆ ಹೇಸ್ಟಿಂಗ್ಸ್ ಸ್ಟ್ರೀಟ್ ಸರದಿ ಬಂತು, ಅದರ ಮೇಲೇ ಕ್ರೈಸ್ಲರ್ ಫ್ರೀವೇ ಹಾದು ಹೋಯ್ತು. ಇವತ್ತು ಆ ಬೀದಿ ನೋಡ್ಬೇಕು ಅಂದ್ರೆ ನೋಡೋಕೆ ಏನೂ ಇಲ್ಲ, ಕೆಳಗೆ ಹಳ್ಳದಲ್ಲಿ ಕಾರುಗಳು ಭರ್ ಅಂತ ಓಡ್ತಿರ್ತವೆ ಅಷ್ಟೆ.

ಅಲ್ಲಿದ್ದ ಜನ ಎಲ್ಲಿಗೆ ಹೋದ್ರು? ಬಹಳಷ್ಟು ಜನ ಪಶ್ಚಿಮಕ್ಕೆ, 12ನೇ ಸ್ಟ್ರೀಟ್ ಸುತ್ತಮುತ್ತ. ಅದು ಮೊದಲು ಯಹೂದಿ ಕುಟುಂಬಗಳು ಹೆಚ್ಚಿದ್ದ ಏರಿಯಾ, ಅವರು ಒಬ್ಬೊಬ್ಬರಾಗಿ ಊರಾಚೆ ಹೋಗ್ತಿದ್ರು, ಅಂಗಡಿಗಳು ಮಾತ್ರ ಇನ್ನೂ ಹಲವು ಅವರ ಕೈಲೇ ಇದ್ವು. ಇದ್ದ ಮನೆಗಳನ್ನೇ ಒಡೆದು ಎರಡು ಮೂರು ಸಂಸಾರಕ್ಕೆ ಬಾಡಿಗೆ ಕೊಟ್ರು. ಕೊನೆಗೆ ಚದರ ಮೈಲಿಗೆ 21,000 ಜನ, ಊರಿನ ಸರಾಸರಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು. ನ್ಯೂ ಬೆತೆಲ್ ಚರ್ಚ್ ಕೂಡ ಅದೇ ದಿಕ್ಕಿಗೆ, ಲಿನ್‌ವುಡ್ ರಸ್ತೆಗೆ ಹೋಯ್ತು, ನಾಲ್ಕು ವರ್ಷದ ನಂತರ ಆ ಲಿನ್‌ವುಡ್ ಕೂಡ ಹೊತ್ತಿ ಉರಿದ ರಸ್ತೆಗಳಲ್ಲಿ ಒಂದು.

ನನ್ನ ಸಿನಿಮಾದ ಮೊದಲ ಪಾತ್ರ ಅಲ್ಲಿಂದ ಇಲ್ಲಿಗೆ ಬಂದ ಒಬ್ಬ ಅಜ್ಜಿ. ಹೇಸ್ಟಿಂಗ್ಸ್‌ನಲ್ಲಿ ತನ್ನದೇ ಸಣ್ಣ ಊಟದ ಹೋಟೆಲ್ ನಡೆಸ್ತಿದ್ದವರು, ಕೆಡವಿದ ಮೇಲೆ 12ನೇ ಸ್ಟ್ರೀಟ್‌ನಲ್ಲಿ ಬೇರೆಯವರ ಅಡುಗೆಮನೇಲಿ ಕೂಲಿಗೆ ನಿಂತವರು. ಅವರ ಬಾಯಲ್ಲಿ ಭಾಷಣ ಹಾಕೋದು ಬೇಡ. ಬಾಡಿಗೆ ಮನೆಯ ಹೊಸ ಅಡುಗೆಮನೇಲಿ ಹಳೇ ಹೋಟೆಲಿನ ದೊಡ್ಡ ಪಾತ್ರೆ ಇಡೋಕೆ ಜಾಗ ಸಾಲದೆ ಅದನ್ನ ಮೆಟ್ಟಿಲ ಕೆಳಗೆ ಇಡ್ತಾರೆ, ಬಾಡಿಗೆದಾರ ಹುಡುಗರು ಅದರಲ್ಲಿ ಹಳೇ ಶೂ ಹಾಕಿರ್ತಾರೆ, ಅಷ್ಟು ತೋರಿಸಿದ್ರೆ ಸಾಕು.

ಈ ಊರಿನ ಹೊರಗಿನ ಸಬರ್ಬ್‌ನಲ್ಲಿ ಇರೋನಾಗಿ ಒಂದು ಮಾತು ಇಲ್ಲೇ ಹೇಳ್ಬೇಕು. ನಮ್ಮಂಥ ಕನ್ನಡದವರು ಇಲ್ಲಿಗೆ ಕಾರ್ ಕಂಪನಿ ಕೆಲಸಕ್ಕೋ ಐಟಿ ಕೆಲಸಕ್ಕೋ ಬಂದು ಟ್ರಾಯ್, ನೋವೈ, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್ ಅಂತ ಒಳ್ಳೆ ಸ್ಕೂಲ್ ಇರೋ ಕಡೆ ಮನೆ ಮಾಡ್ತೀವಿ. ಬಂದ ಹೊಸದರಲ್ಲಿ ಯಾರಾದ್ರೂ ಹೇಳೇ ಹೇಳ್ತಾರೆ, ಊರಿನ ಉತ್ತರ ಗಡಿಯಾದ ಏಯ್ಟ್ ಮೈಲ್ ರಸ್ತೆ ದಾಟಿ ಆಕಡೆ ಜಾಸ್ತಿ ಹೋಗ್ಬೇಡಿ, 67ರ ಗಲಭೆ ಆದ್ಮೇಲೆ ಊರು ಹಾಳಾಯ್ತು ಅಂತ. ಈ ಲೆಕ್ಕ ಸರಿಯಿಲ್ಲ. ಡೆಟ್ರಾಯಿಟ್ ಜನಸಂಖ್ಯೆ 1950ರಲ್ಲಿ ಹದಿನೆಂಟೂವರೆ ಲಕ್ಷ ಇದ್ದಿದ್ದು 1960ಕ್ಕೇ ಹದಿನಾರು ಲಕ್ಷ ಎಪ್ಪತ್ತು ಸಾವಿರಕ್ಕೆ ಇಳಿದಿತ್ತು, ಅಂದ್ರೆ ಗಲಭೆಗೆ ಎಷ್ಟೋ ಮುಂಚೆ ಬಿಳಿಯರೂ ಫ್ಯಾಕ್ಟರಿಗಳೂ ಊರು ಬಿಡೋಕೆ ಶುರು ಮಾಡಿಯಾಗಿತ್ತು. ಸರ್ಕಾರದ ಗ್ಯಾರಂಟಿ ಇರೋ ಹೋಮ್ ಲೋನ್ ಬಿಳಿಯರಿಗೆ ಸಬರ್ಬ್‌ನಲ್ಲಿ ಸಲೀಸಾಗಿ ಸಿಗ್ತಿತ್ತು, ಕಪ್ಪು ಜನರ ಏರಿಯಾಗಳಿಗೆ ಮ್ಯಾಪ್‌ನಲ್ಲಿ ಕೆಂಪು ಬಣ್ಣ ಬಳಿದು ಲೋನ್ ಕೊಡ್ಬಾರದು ಅಂತ ಇಟ್ಟಿದ್ರು. ಏಯ್ಟ್ ಮೈಲ್ ಹತ್ರ 1941ರಲ್ಲಿ ಒಬ್ಬ ಬಿಲ್ಡರ್ ಕಟ್ಟಿಸಿದ ಆರಡಿ ಎತ್ತರದ, ಸುಮಾರು ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆ ಇವತ್ತಿಗೂ ನಿಂತಿದೆ. ಆಚೆ ಕಪ್ಪು ಜನ ಇದ್ದಾರೆ, ಹಾಗಾಗಿ ಈಚೆ ಬಿಳಿಯರಿಗೆ ಕಟ್ಟೋ ಮನೆಗಳಿಗೆ ಲೋನ್ ಗ್ಯಾರಂಟಿ ಸಿಗಲ್ಲ ಅಂತ, ಗ್ಯಾರಂಟಿ ಸಿಗೋದಕ್ಕೋಸ್ಕರವೇ ಕಟ್ಟಿದ ಗೋಡೆ. ಈಗ ಅದರ ಮೇಲೆ ಬಣ್ಣಬಣ್ಣದ ಚಿತ್ರ ಬರೆದಿದ್ದಾರೆ.

ಮತ್ತೆ ನಾವು ಇಲ್ಲಿರೋದೇ ಆ ಕಾಲದ ಹೋರಾಟದಿಂದ. ಭಾರತದಿಂದ ಇಂಜಿನಿಯರ್‌ಗಳು ಡಾಕ್ಟರ್‌ಗಳು ಬರೋಕೆ ಬಾಗಿಲು ತೆರೆದಿದ್ದು 1965ರ ವಲಸೆ ಕಾನೂನು, ಅದನ್ನ ಸೆನೆಟ್‌ನಲ್ಲಿ ಮುಂದೆ ನಿಂತು ತಂದ ಫಿಲಿಪ್ ಹಾರ್ಟ್ ಇದೇ ಮಿಷಿಗನ್ನಿನ ಸೆನೆಟರ್. ಹುಟ್ಟಿದ ದೇಶ ನೋಡಿ ಕೋಟಾ ಕೊಡೋದು ತಪ್ಪು ಅನ್ನೋ ಮಾತಿಗೆ ಬಲ ಬಂದಿದ್ದು ನಾಗರಿಕ ಹಕ್ಕುಗಳ ಚಳವಳಿಯಿಂದಲೇ. ಆ ಚಳವಳಿಯ ಫಲ ತಿಂದವರು ನಾವು, ಬಂದು ಉಳ್ಕೊಂಡಿದ್ದು ಊರು ಬಿಟ್ಟವರು ಕಟ್ಟಿಕೊಂಡ ಕಡೆ. ಹಾಗಾಗಿ ಈ ಕಥೆ ನಮಗೆ ಪರರ ಕಥೆ ಅಂತ ನನಗೆ ಯಾವತ್ತೂ ಅನ್ಸಿಲ್ಲ.

ಸಿನಿಮಾಗೆ ಬರ್ತೀನಿ. ನನ್ನ ಪ್ರಕಾರ ಇಡೀ ಚಿತ್ರದ ಹೃದಯ ಇರೋದು ಕಾಯೋ ಒಂದು ಗಂಟೇಲಿ.

12ನೇ ಸ್ಟ್ರೀಟ್ ಮತ್ತು ಕ್ಲೇರ್ಮೌಂಟ್ ರಸ್ತೆ ಸೇರೋ ಕಡೆ, ಒಂದು ಪ್ರಿಂಟಿಂಗ್ ಅಂಗಡಿ ಮೇಲಿನ ಮಹಡೀಲಿ ಲೈಸೆನ್ಸ್ ಇಲ್ಲದ ಕುಡಿಯೋ ಜಾಗ ಒಂದಿತ್ತು, ಇಂಥದಕ್ಕೆ ಡೆಟ್ರಾಯಿಟ್‌ನಲ್ಲಿ ಬ್ಲೈಂಡ್ ಪಿಗ್ ಅಂತಾರೆ. ಬಾರ್‌ಗಳು ಮುಚ್ಚಿದ ಮೇಲೆ ಜನ ಹೋಗೋ ಜಾಗ. ಒಂದು ಕಾಲದಲ್ಲಿ ಎಷ್ಟೋ ಬಾರ್‌ಗಳಲ್ಲಿ ಕಪ್ಪು ಜನರನ್ನ ಒಳಗೇ ಬಿಡ್ತಿರಲಿಲ್ಲ, ಆಗಿನಿಂದ ಬಂದ ರೂಢಿ. ಆ ರಾತ್ರಿ ವಿಯೆಟ್ನಾಂನಿಂದ ವಾಪಸ್ ಬಂದ ಇಬ್ಬರು ಸೈನಿಕರಿಗೆ ಅಲ್ಲಿ ಪಾರ್ಟಿ. ಬೆಳಗಿನ ಜಾವ ಮೂರು ಮುಕ್ಕಾಲರ ಹೊತ್ತಿಗೆ ಪೊಲೀಸರು ಸುತ್ತಿಗೇಲಿ ಬಾಗಿಲು ಒಡೆದು ನುಗ್ಗಿದ್ರು. ಒಂದಷ್ಟು ಜನ ಇರ್ತಾರೆ ಅಂದ್ಕೊಂಡಿದ್ರು, ಇದ್ದಿದ್ದು ಎಂಬತ್ತಕ್ಕೂ ಹೆಚ್ಚು. ಒಂದಿಬ್ಬರನ್ನ ಹಿಡಿದು ಮಿಕ್ಕವರನ್ನ ಬಿಟ್ಟು ಹೋಗಿದ್ರೆ ಮುಗೀತಿತ್ತು, ಆದ್ರೆ ಎಲ್ಲರನ್ನೂ ಅರೆಸ್ಟ್ ಮಾಡ್ತೀವಿ ಅಂದ್ರು, ಅಷ್ಟು ಜನರನ್ನ ಸಾಗಿಸೋಕೆ ವ್ಯಾನ್ ಸಾಕಾಗ್ಲಿಲ್ಲ, ಒಂದು ಸಲ ಹೋದ ವ್ಯಾನ್ ಮತ್ತೆ ಬರೋ ತನಕ ಕಾಯ್ಬೇಕಾಯ್ತು.

ಈ ಕಾಯೋ ಹೊತ್ತನ್ನ ಕತ್ತರಿಸದೆ ತೋರಿಸ್ಬೇಕು ಅನ್ನೋದು ನನ್ನ ಆಸೆ. ಜುಲೈ ತಿಂಗಳ ಸೆಖೆ. ಮನೆಯೊಳಗೆ ನಿದ್ದೆ ಬರದೆ ಹೊರಗೆ ಕೂತಿದ್ದ ಜನ ಬಂದು ನಿಂತ್ಕೊಳ್ತಾರೆ. ಮೊದಲು ತಮಾಷೆ ನಡೀತಿರುತ್ತೆ, ಅರೆಸ್ಟ್ ಆದವರ ಗುರುತಿನವರು ಹೆಸರು ಕೂಗಿ ಕರೀತಾರೆ, ಅವರೂ ಕೈ ಬೀಸ್ತಾರೆ. ಆಮೇಲೆ ಒಬ್ಬ ಹೆಂಗಸನ್ನ ಪೊಲೀಸ್ ಒರಟಾಗಿ ತಳ್ತಾನೆ. ಕಿಟಕೀಲಿ ನಮ್ಮ ಅಜ್ಜಿ. ಎದುರು ಫುಟ್‌ಪಾತ್‌ನಲ್ಲಿ ರಾತ್ರಿ ಶಿಫ್ಟ್ ಮುಗಿಸಿ ಬಂದ ಅವರ ಮಗ, ಕೈಯಲ್ಲಿ ಊಟದ ಡಬ್ಬಿ. ನಾಲ್ಕು ಜನ ಪೊಲೀಸರು ಒಂದೇ ಕಾರಿನಲ್ಲಿ ಸುತ್ತುತ್ತಾ ಕಪ್ಪು ಹುಡುಗರನ್ನ ನಿಲ್ಲಿಸಿ ಅವಮಾನ ಮಾಡೋದು ಅಲ್ಲಿ ದಿನನಿತ್ಯ, ಆ ಕಾರಿಗೆ ಬಿಗ್ ಫೋರ್ ಅಂತಲೇ ಹೆಸರು. ಊರಲ್ಲಿ ಹತ್ತಿರ ಹತ್ತಿರ ನೂರಕ್ಕೆ ನಲವತ್ತು ಜನ ಕಪ್ಪು ಜನಾಂಗದವರಾದ್ರೆ ಪೊಲೀಸ್ ಇಲಾಖೇಲಿ ನೂರಕ್ಕೆ ಐದು. ಮಗನಿಗೆ ಆ ಮುಖಗಳು ಗೊತ್ತು. ಗುಂಪು ಇನ್ನೂರು ದಾಟುತ್ತೆ. ಕೊನೇ ವ್ಯಾನ್ ಹೊರಡುತ್ತೆ, ಒಂದು ಬಾಟಲಿ ಹಾರಿ ಬಂದು ಪೊಲೀಸ್ ಕಾರಿನ ಗಾಜಿಗೆ ಬೀಳುತ್ತೆ. ಯಾರು ಎಸೆದ್ರು ಅಂತ ಸಿನಿಮಾ ತೋರಿಸ್ಬಾರದು. ತೋರಿಸಿದ ಕೂಡಲೇ ಅವನ ಮೇಲೆ ಐದು ದಿನದ ಭಾರ ಬೀಳುತ್ತೆ, ಹದಿನೈದು ವರ್ಷ ಏನಾಯ್ತು ಅನ್ನೋದು ನೋಡೋರ ಮನಸ್ಸಿಂದ ಜಾರಿ ಹೋಗುತ್ತೆ.

ಭಾನುವಾರ ಹಗಲು ವಿಚಿತ್ರವಾದ ಹಗಲು. ಸುದ್ದಿ ಹಬ್ಬಿದ್ರೆ ಗಲಭೆ ಹೆಚ್ಚಾಗುತ್ತೆ ಅಂತ ರೇಡಿಯೋ ಟೀವಿಯವರು ಮಧ್ಯಾಹ್ನದ ತನಕ ಬಾಯಿ ಬಿಡಲಿಲ್ಲ. ಟೈಗರ್ ಸ್ಟೇಡಿಯಂನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಬೇಸ್‌ಬಾಲ್ ನೋಡ್ತಾ ಕೂತಿದ್ರು, ಆಚೆ ಹೊಗೆ ಏಳೋದು ಕಾಣ್ತಿತ್ತು, ಆಟ ನಡೀತಾನೇ ಇತ್ತು. ಆಟ ಮುಗಿಸಿದ ವಿಲ್ಲಿ ಹಾರ್ಟನ್, ಅದೇ ಊರಲ್ಲಿ ಬೆಳೆದ ಕಪ್ಪು ಆಟಗಾರ, ಯೂನಿಫಾರ್ಮ್ ಕೂಡ ಬದಲಾಯಿಸದೆ 12ನೇ ಸ್ಟ್ರೀಟ್‌ಗೆ ಹೋಗಿ ಕಾರಿನ ಮೇಲೆ ನಿಂತು ಮನೆಗೆ ಹೋಗಿ ಅಂತ ಬೇಡ್ಕೊಂಡ್ರು. ಜನಕ್ಕೆ ಅವರ ಮೇಲೆ ಪ್ರೀತಿ ಇತ್ತು, ಅವರಿಗೆ ಏನಾದ್ರೂ ಆದೀತು ಅಂತ ಹೆದರಿ ನೀವು ಮೊದಲು ಮನೆಗೆ ಹೋಗಿ ಅಂದ್ರು. ಅಮೆರಿಕದ ಸಂಸತ್ತಿನ ಸದಸ್ಯ ಜಾನ್ ಕಾನ್ಯರ್ಸ್ ಕೂಡ ಮೈಕ್ ಹಿಡಿದು ಕಾರಿನ ಮೇಲೆ ಹತ್ತಿದ್ರು, ಅವರೂ ಕಪ್ಪು ಜನರ ನಾಯಕರೇ, ಅವರ ಮಾತು ಕೇಳೋರು ಇರಲಿಲ್ಲ, ಕಲ್ಲು ಬೀಳೋಕೆ ಶುರುವಾಗಿ ಇಳೀಬೇಕಾಯ್ತು. ತಮ್ಮವರೇ ಆರಿಸಿ ಕಳಿಸಿದ ನಾಯಕ ತಮ್ಮ ಬೀದೀಲಿ ಒಂಟಿ ಆಗೋ ಆ ಎರಡು ನಿಮಿಷ ಒಬ್ಬ ಒಳ್ಳೆ ನಟನಿಗೆ ಸಿಕ್ರೆ ಇಡೀ ರಾಜಕೀಯ ಅವನ ಮುಖದಲ್ಲೇ ಬರುತ್ತೆ.

ಇದೆಲ್ಲಾ ಅಮೆರಿಕದಲ್ಲೇ ಮಾದರಿ ನಗರ ಅಂತ ಹೊಗಳಿಸ್ಕೊಂಡ ಊರಲ್ಲಿ ಆಗಿದ್ದು. ಮೇಯರ್ ಜೆರೋಮ್ ಕ್ಯಾವನಾ ಕಪ್ಪು ಜನರ ವೋಟಿಂದ ಗೆದ್ದ ಯುವಕ, 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇಲ್ಲಿ ವುಡ್‌ವರ್ಡ್ ಅವೆನ್ಯೂನಲ್ಲಿ ಲಕ್ಷಕ್ಕೂ ಹೆಚ್ಚು ಜನರ ಜೊತೆ ನಡೆದಾಗ ಅವರೂ ಜೊತೆಗಿದ್ರು. ವಾಷಿಂಗ್ಟನ್‌ನಲ್ಲಿ ಜಗತ್ತೇ ಕೇಳಿದ "ನನಗೊಂದು ಕನಸಿದೆ" ಭಾಷಣದ ಒಂದು ಮುಂಚಿನ ರೂಪ ಕಿಂಗ್ ಅವತ್ತು ಇದೇ ಊರಲ್ಲಿ ಹೇಳಿದ್ರು. ನಾಲ್ಕೇ ವರ್ಷ ಆಗಿತ್ತು.

ಸೋಮವಾರ ಪೂರ್ತಿ ಫೋನ್‌ನಲ್ಲಿ ಹೋಯ್ತು. ಗವರ್ನರ್ ಜಾರ್ಜ್ ರಾಮ್ನಿ ರಿಪಬ್ಲಿಕನ್, 1968ರಲ್ಲಿ ಅಧ್ಯಕ್ಷ ಜಾನ್ಸನ್ ಎದುರು ನಿಲ್ಲಬಹುದಾದವರು. ಸೈನ್ಯ ಬೇಕು ಅಂದ್ರೆ ಪರಿಸ್ಥಿತಿ ಕೈ ಮೀರಿದೆ ಅಂತ ಬರೆದುಕೊಡಿ ಅಂತ ಜಾನ್ಸನ್ ಕಡೆಯವರು, ದಂಗೆ ಅಂತ ಬರೆದ್ರೆ ಇನ್ಶೂರೆನ್ಸ್ ಕಂಪನಿಗಳು ದುಡ್ಡು ಕೊಡಲ್ಲ ಅಂತ ರಾಮ್ನಿ. ಈ ಮಾತುಕತೆ ನಡೀವಾಗ ಬೆಂಕಿ ಬೀದಿಯಿಂದ ಬೀದಿಗೆ ಗಾಳೀಲಿ ದಾಟ್ತಿತ್ತು. ಆ ಕೋಣೆಗಳನ್ನ ಸಿನಿಮಾ ಚಿಕ್ಕದಾಗಿ ತೋರಿಸ್ಲಿ ಸಾಕು, ಜಾಸ್ತಿ ಹೊತ್ತು ಅಲ್ಲಿ ಕೂತ್ರೆ ಅದು ಬೇರೆ ಸಿನಿಮಾ ಆಗುತ್ತೆ.

ಯೂನಿಫಾರ್ಮ್ ಹಾಕಿದವರಲ್ಲಿ ನನಗೆ ಮೂರು ಪಾತ್ರ ಬೇಕು. ಮೊದಲನೆಯವನು ನ್ಯಾಷನಲ್ ಗಾರ್ಡ್ ಹುಡುಗ, ಅಂದ್ರೆ ರಾಜ್ಯದ ಅರೆಕಾಲಿಕ ಸೈನಿಕ. ಉತ್ತರ ಮಿಷಿಗನ್ನಿನ ಗ್ರೇಲಿಂಗ್ ಕ್ಯಾಂಪ್‌ನಲ್ಲಿ ಬೇಸಿಗೆ ಟ್ರೇನಿಂಗ್‌ನಲ್ಲಿದ್ದವನು, ಸಣ್ಣ ಊರಿನವನು, ಕಪ್ಪು ಜನರ ಜೊತೆ ಎರಡು ಮಾತಾಡಿ ಗೊತ್ತಿಲ್ಲದವನು, ಕೈಯಲ್ಲಿ ಗುಂಡು ತುಂಬಿದ ರೈಫಲ್, ಹೊಟ್ಟೇಲಿ ಭಯ. ಎರಡನೆಯವನು ದೇಶದ ಸೈನ್ಯದ 101ನೇ ಏರ್‌ಬೋರ್ನ್ ದಳದ ಕಪ್ಪು ಸೈನಿಕ, ವಿಯೆಟ್ನಾಂ ನೋಡಿ ಬಂದವನು. ಸೈನ್ಯದ ಜನರಲ್ ಥ್ರಾಕ್‌ಮಾರ್ಟನ್ ಪೂರ್ವ ಭಾಗಕ್ಕೆ ಬಂದ ಕೂಡಲೇ ಬಂದೂಕಿಂದ ಗುಂಡು ತೆಗೀರಿ ಅಂದ್ರು, ಸೈನಿಕರು ತೆಗೆದ್ರು, ಬೀದಿ ಗುಡಿಸೋಕೆ ಕಸ ಎತ್ತೋಕೆ ಜನರ ಜೊತೆ ಸೇರ್ಕೊಂಡ್ರು, ಆ ಕಡೆ ಬೇಗ ತಣ್ಣಗಾಯ್ತು. ಗಾರ್ಡ್‌ಗಳಿಗೂ ಅದೇ ಆದೇಶ ಇತ್ತು, ಬಹಳಷ್ಟು ಜನ ಪಾಲಿಸಲಿಲ್ಲ. ಮೂರನೆಯವರು ಕಪ್ಪು ಪೊಲೀಸ್. ಇದಕ್ಕೆ ಕಲ್ಪನೆ ಬೇಕಾಗಿಲ್ಲ. ಮುಂದೆ 1990ರ ದಶಕದಲ್ಲಿ ಡೆಟ್ರಾಯಿಟ್ ಪೊಲೀಸ್ ಮುಖ್ಯಸ್ಥರಾದ ಐಸಾಯಾ ಮೆಕಿನ್ನನ್ ಆಗ ಕಿರಿಯ ಅಧಿಕಾರಿ, ಡ್ಯೂಟಿ ಮುಗಿಸಿ ಯೂನಿಫಾರ್ಮ್‌ನಲ್ಲೇ ಮನೆಗೆ ಹೋಗ್ತಿದ್ದಾಗ ಇಬ್ಬರು ಬಿಳಿ ಪೊಲೀಸರು ಕಾರು ನಿಲ್ಲಿಸಿದ್ರು, ನಾನೂ ಪೊಲೀಸ್ ಅಂತ ಹೇಳಿದ ಮೇಲೂ ಗುಂಡು ಹಾರಿಸಿದ್ರು, ಬಗ್ಗಿ ಕಾರು ಓಡಿಸಿ ಜೀವ ಉಳಿಸ್ಕೊಂಡ್ರು. ಇದನ್ನ ಅವರೇ ಎಷ್ಟೋ ಸಲ ಹೇಳಿದ್ದಾರೆ.

ಸ್ನೈಪರ್, ಸ್ನೈಪರ್ ಅಂತ ಆ ವಾರ ಎಲ್ಲರ ಬಾಯಲ್ಲೂ. ಮಹಡಿ ಮೇಲಿಂದ ಯಾರೋ ಗುಂಡು ಹಾರಿಸ್ತಿದ್ದಾರೆ ಅಂತ. ಆಮೇಲೆ ತನಿಖೆ ಮಾಡಿ ನೋಡಿದ್ರೆ ಅದರಲ್ಲಿ ಬಹಳಷ್ಟು ಪೊಲೀಸರು ಮತ್ತು ಗಾರ್ಡ್‌ಗಳು ಹಾರಿಸಿದ ಗುಂಡಿನದೇ ಸದ್ದು, ಒಂದು ಬೀದಿಯವರು ಹಾರಿಸಿದ್ದಕ್ಕೆ ಪಕ್ಕದ ಬೀದಿಯವರು ಹೆದರಿ ಹಾರಿಸಿದ್ದು. ಮಂಗಳವಾರ ನಡುರಾತ್ರಿ ಕಳೆದು ಬುಧವಾರ ಶುರುವಾದ ಮೇಲೆ, 12ನೇ ಸ್ಟ್ರೀಟ್ ಹತ್ರದ ಒಂದು ಮನೇಲಿ ಯಾರೋ ಸಿಗರೇಟ್ ಹಚ್ಚಿದ್ರು. ಆ ಸಣ್ಣ ಬೆಳಕನ್ನ ಗುಂಡಿನ ಕಿಡಿ ಅಂದ್ಕೊಂಡು ಗಾರ್ಡ್‌ಗಳ ಟ್ಯಾಂಕ್‌ನಿಂದ ಮೆಷಿನ್ ಗನ್ ಹಾರಿತು. ಒಳಗಿದ್ದ ನಾಲ್ಕು ವರ್ಷದ ಹೆಣ್ಣು ಮಗು ಸತ್ತು ಹೋಯ್ತು. ನನ್ನ ಸಿನಿಮಾದಲ್ಲಿ ಕ್ಯಾಮೆರಾ ಮನೆಯೊಳಗೆ ಇರಬಾರದು, ಗ್ರೇಲಿಂಗ್‌ನಿಂದ ಬಂದ ಹುಡುಗನ ಪಕ್ಕ ಇರಬೇಕು, ಅವನಿಗೆ ಬೆಳಕು ಕಂಡಿದ್ದು, ಕೂಗಿದ್ದು, ಆಮೇಲೆ ಬೆಳಗಾಗೋ ತನಕ ಏನಾಯ್ತು ಅಂತ ಗೊತ್ತಾಗದೇ ಅಲ್ಲೇ ನಿಂತಿದ್ದು. ಮಗುವಿನ ಸಾವನ್ನ ಕಣ್ಣ ಮುಂದೆ ಇಟ್ಟು ಅಳಿಸೋ ಹಕ್ಕು ನಮಗಿಲ್ಲ ಅನ್ಸುತ್ತೆ ನನಗೆ.

ಅಲ್ಜಿಯರ್ಸ್ ಮೋಟೆಲ್ ವಿಷಯಕ್ಕೂ ಹಾಗೇ. ಪೊಲೀಸರು ನುಗ್ಗಿದ ಆ ಮೋಟೆಲ್‌ನಲ್ಲಿ ಮೂರು ಕಪ್ಪು ಹುಡುಗರನ್ನ ಕೊಂದು, ಮಿಕ್ಕವರನ್ನ ಗೋಡೆಗೆ ನಿಲ್ಲಿಸಿ ಬಡಿದ ರಾತ್ರಿ ಎಲ್ಲರಿಗೂ ಗೊತ್ತು, ಕೋರ್ಟ್‌ನಲ್ಲಿ ಯಾರಿಗೂ ಶಿಕ್ಷೆ ಆಗಲಿಲ್ಲ ಅನ್ನೋದೂ ಗೊತ್ತು. ನಾನು ತೋರಿಸೋದು ಅದರ ಮುಂದಿನ ತಿಂಗಳು, ಆಗಸ್ಟ್ ಕೊನೇಲಿ ಒಂದು ಚರ್ಚ್‌ನಲ್ಲಿ ಜನರೇ ಸೇರಿ ನಡೆಸಿದ ಅಣಕು ವಿಚಾರಣೆ. ಜಾಗ ಸಾಲದಷ್ಟು ಜನ. ಜ್ಯೂರಿ ಸಾಲಲ್ಲಿ ಕನ್ನಡಕ ಹಾಕಿದ ಒಬ್ಬ ಸೌಮ್ಯ ಹೆಂಗಸು ಕೂತಿರ್ತಾರೆ. ಅವರು ರೋಸಾ ಪಾರ್ಕ್ಸ್. ಮಾಂಟ್ಗೊಮರಿ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದೆ ಕೂತ ಅದೇ ರೋಸಾ ಪಾರ್ಕ್ಸ್, 1957ರಿಂದ ಡೆಟ್ರಾಯಿಟ್‌ನಲ್ಲಿದ್ರು, ಕಾನ್ಯರ್ಸ್ ಆಫೀಸಲ್ಲಿ ಕೆಲಸ, ಗಲಭೆ ನಡೆದ ಬೀದಿಗಳ ಹತ್ತಿರವೇ ಮನೆ, ಗಂಡನ ಕ್ಷೌರದಂಗಡಿ ಆ ವಾರ ಲೂಟಿ ಆಗಿತ್ತು. ಅಂಗಡಿ ಕಳ್ಕೊಂಡವರು ಬಂದು ಸತ್ತ ಹುಡುಗರ ಪರವಾಗಿ ಕೂತಿದ್ದು ನನಗೆ ಇಡೀ ಇತಿಹಾಸದಲ್ಲೇ ದೊಡ್ಡ ವಿಷಯ. ಕ್ಯಾಮೆರಾ ಅವರ ಮೇಲೆ ಜಾಸ್ತಿ ನಿಲ್ಲೋದು ಬೇಡ, ಹೆಸರು ಕೂಡ ಹಾಕೋದು ಬೇಡ, ಗುರುತು ಹಿಡಿಯೋರು ಹಿಡೀಲಿ.

ಸಾಮಾನ್ಯವಾಗಿ ಸಿನಿಮಾಗಳು ಬೆಂಕಿ ಆರಿದ ಕೂಡಲೇ ಮುಗೀತವೆ. ಇದು ಮುಗೀಬಾರದು. ಏಳು ಸಾವಿರ ಜನರನ್ನ ಹಿಡಿದ ಮೇಲೆ ಜೈಲು ಎಲ್ಲಿಂದ ಬರಬೇಕು? ಬಸ್ಸುಗಳಲ್ಲಿ ಕೂಡಿಹಾಕಿದ್ರು, ಪೊಲೀಸ್ ಗ್ಯಾರೇಜ್‌ನಲ್ಲಿ ಕೂಡಿಹಾಕಿದ್ರು, ಬೆಲ್ ಐಲ್ ದ್ವೀಪದಲ್ಲಿ ಈಜೋಕೆ ಬರೋರು ಬಟ್ಟೆ ಬದಲಾಯಿಸೋ ಕಟ್ಟಡದಲ್ಲಿ ಕೂಡಿಹಾಕಿದ್ರು. ಸಣ್ಣಪುಟ್ಟ ಕೇಸಿಗೂ ಹತ್ತು ಸಾವಿರ ಡಾಲರ್, ಅದಕ್ಕೂ ಮೇಲೆ ಜಾಮೀನು, ಬೀದೀಲಿ ಮತ್ತೆ ಇಳೀಬಾರದು ಅನ್ನೋ ಒಂದೇ ಉದ್ದೇಶ. ಒಬ್ಬೊಬ್ಬರ ಕೇಸೂ ಕೆಲವೇ ನಿಮಿಷ. ಜಡ್ಜ್ ಜಾರ್ಜ್ ಕ್ರಾಕೆಟ್ ಮಾತ್ರ ಹಾಗೆ ಮಾಡಲ್ಲ ಅಂದ್ರು. ಹಿಂದಿನ ವರ್ಷವಷ್ಟೇ ಗೆದ್ದು ಬಂದ ಕಪ್ಪು ನ್ಯಾಯಾಧೀಶರು. ಪ್ರತಿಯೊಬ್ಬರ ಹೆಸರು, ಕೆಲಸ, ಮನೆ, ಮಕ್ಕಳು ಎಲ್ಲಾ ಕೇಳಿ ಕೇಳಿ ಜಾಮೀನು ಕೊಟ್ರು. ಅಜ್ಜಿ ಮಗ ಅವರ ಮುಂದೆ ನಿಲ್ಲೋದು ಚಿತ್ರದ ಕೊನೆ ಭಾಗದಲ್ಲಿ, ಹಿಂದಿನ ದೃಶ್ಯದಲ್ಲಿ ಬೇರೆ ಜಡ್ಜ್ ಮುಂದೆ ಅವನ ಪಕ್ಕದ ಮನೆಯವನು ನಿಂತಿರ್ತಾನೆ. ಎರಡೂ ದೃಶ್ಯ ಒಂದರ ಹಿಂದೆ ಒಂದು.

ಇನ್ನೊಂದು ಸಂಗತಿ ಚಿತ್ರಕಥೆ ಬರೆಯೋರು ತಿಳ್ಕೊಂಡಿರಬೇಕು. ಗಲಭೆ ಆದ್ಮೇಲೆ ಡೆಟ್ರಾಯಿಟ್ ಫ್ರೀ ಪ್ರೆಸ್ ಪತ್ರಿಕೆಯವರು ಜನರ ಮಧ್ಯೆ ಸರ್ವೇ ಮಾಡಿದ್ರು, ಓದಿಲ್ಲದವರು, ದಕ್ಷಿಣದಿಂದ ಹೊಸದಾಗಿ ಬಂದು ಊರಿಗೆ ಹೊಂದಿಕೊಳ್ಳದವರು ಗಲಾಟೆ ಮಾಡಿದ್ರು ಅನ್ನೋ ನಂಬಿಕೆ ಸುಳ್ಳಾಯ್ತು. ಓದಿದವರೂ ಅಷ್ಟೇ ಇದ್ರು, ಉತ್ತರದಲ್ಲೇ ಬೆಳೆದವರು ಹೆಚ್ಚು ಇದ್ರು. ಅಪ್ಪ ಅಮ್ಮ ಮಿಸಿಸಿಪ್ಪಿ ಬಿಟ್ಟು ಬಂದಿದ್ದು ಇದಕ್ಕಾ ಅಂತ ಕೇಳ್ಕೊಂಡ ಮಕ್ಕಳು. ಅದೇ ಪತ್ರಿಕೆ 43 ಸಾವನ್ನೂ ಒಂದೊಂದಾಗಿ ತನಿಖೆ ಮಾಡಿತು, ಅದರಲ್ಲಿ ಬಹುಪಾಲು ತಪ್ಪಿಸಬಹುದಾಗಿತ್ತು ಅಂತ ಬರೀತು, ಆ ವಾರದ ವರದಿಗಾರಿಕೆಗೆ ಅವರಿಗೆ 1968ರ ಪುಲಿಟ್ಜರ್ ಪ್ರಶಸ್ತಿ ಬಂತು.

ಈ ಗಲಭೆಗಳು ಯಾಕಾದವು ಅಂತ ತನಿಖೆ ಮಾಡೋಕೆ ಜಾನ್ಸನ್ ನೇಮಿಸಿದ ಕರ್ನರ್ ಆಯೋಗ 1968ರ ಫೆಬ್ರವರಿ 29ಕ್ಕೆ ವರದಿ ಕೊಟ್ತು. ದೇಶ ಕಪ್ಪು ಒಂದು, ಬಿಳಿ ಒಂದು ಅಂತ ಎರಡು ಸಮಾಜವಾಗಿ ಒಡೀತಿದೆ ಅಂತು, ಪೊಲೀಸ್, ಕೆಲಸ, ಮನೆ ಈ ಮೂರನ್ನ ಜನರ ದೂರುಗಳಲ್ಲಿ ಮೊದಲ ಸಾಲಲ್ಲಿಟ್ಟಿತು. ಪುಸ್ತಕ ಲಕ್ಷಗಟ್ಟಲೆ ಮಾರಾಟ ಆಯ್ತು, ಜಾನ್ಸನ್ ಅದನ್ನ ಕೈಗೆತ್ತಿಕೊಳ್ಳಲೇ ಇಲ್ಲ. ವರದಿಯ ಕೊನೇಲಿ ಕೆನೆತ್ ಕ್ಲಾರ್ಕ್ ಅನ್ನೋ ಮನಶ್ಶಾಸ್ತ್ರಜ್ಞರ ಸಾಕ್ಷ್ಯ ಇದೆ. 1919ರ ಶಿಕಾಗೋ ಗಲಭೆಯ ವರದಿ ಓದಿದ್ರೆ 1935ರ ಹಾರ್ಲೆಮ್‌ದು ಓದಿದ ಹಾಗೆ, 1943ರದ್ದು, 1965ರ ವಾಟ್ಸ್‌ದು ಓದಿದ ಹಾಗೇ ಇರುತ್ತೆ, ಒಂದೇ ಸಿನಿಮಾ ಮತ್ತೆ ಮತ್ತೆ ಹಾಕ್ತಿದ್ದಾರೆ, ಅದೇ ವಿಶ್ಲೇಷಣೆ, ಅದೇ ಶಿಫಾರಸು, ಅದೇ ಏನೂ ಮಾಡದಿರೋದು ಅಂತ ಅವರು ಆಯೋಗದ ಮುಂದೇನೇ ಹೇಳಿದ್ರು. ಇದನ್ನ ಓದಿದ ದಿನದಿಂದ ಗಲಭೆಯ ಯಾವ ಸಿನಿಮಾ ನೋಡಿದ್ರೂ ಬೆಂಕಿಯಿಂದ ಬೆಂಕಿವರೆಗೆ ಮಾತ್ರ ಇದೆಯಾ ಅಂತ ನೋಡ್ತೀನಿ, ಇದ್ರೆ ಕ್ಲಾರ್ಕ್ ಹೇಳಿದ ಅದೇ ರೀಲು ಅದು.

ನನಗೆ ಗೊತ್ತು, ಇದು ಮೂರೂವರೆ ಗಂಟೆ ಸಿನಿಮಾ ಆಗುತ್ತೆ. ನಿರ್ಮಾಪಕರು ಮೊದಲು ಕತ್ತರಿಸಿ ಅನ್ನೋದು ಹೇಸ್ಟಿಂಗ್ಸ್ ಸ್ಟ್ರೀಟ್‌ನ ನಲವತ್ತು ನಿಮಿಷವನ್ನ, ಗಲಭೆ ಸಿನಿಮಾಲಿ ಗಲಭೆ ಯಾವಾಗ ಬರುತ್ತೆ ಅಂತ ಕೇಳ್ತಾರೆ. ಟ್ಯಾಂಕ್ ಬೇಕಾದ್ರೆ ಕತ್ತರಿಸಿ, ಗವರ್ನರ್ ಫೋನ್ ಕತ್ತರಿಸಿ, ಬೇಸ್‌ಬಾಲ್ ಕೂಡ ಬೇಕಾದ್ರೆ ತೆಗೀರಿ. ಆ ನಲವತ್ತು ನಿಮಿಷ ಇರ್ಬೇಕು, ಮನೆ ಕೆಡವೋ ಕ್ರೇನ್ ಬಂದ ದಿನ ಅಜ್ಜಿ ಹೋಟೆಲಿನಲ್ಲಿ ಕೊನೇ ಊಟ ಬಡಿಸೋದು ಇರ್ಬೇಕು, ಮತ್ತೆ ಇದನ್ನ ಬೇರೆ ಯಾವುದೋ ರಾಜ್ಯದ ಸೆಟ್‌ನಲ್ಲಿ ಶೂಟ್ ಮಾಡದೆ ಡೆಟ್ರಾಯಿಟ್‌ನಲ್ಲೇ, ಅಲ್ಲಿನ ಜನರನ್ನೇ ಹಾಕ್ಕೊಂಡು, ಅವರಿಗೆ ಕೂಲಿ ಕೊಟ್ಟು ಮಾಡ್ಬೇಕು.